ಕುದುರೆಯ ಬಾಲದ ಬಣ್ಣ

ನಮ್ಮೂರಲ್ಲಿ ಹೊಟ್ಟೆಕಿಚ್ಚು ಅನ್ನುವುದು ಬರೀ ಬಾಯಿಮಾತಲ್ಲ. ಯಾರಿಗಾದರೂ ಇನ್ನೊಬ್ಬರ ಮೇಲೆ ಅದು ಹುಟ್ಟಿತೆಂದರೆ ಅವರ ಮೈ ಬಿಸಿಯಾಗುತ್ತದೆ. ಜ್ವರದ ಬಿಸಿಯಲ್ಲ, ಒಲೆಯ ಬಿಸಿ. ಸಣ್ಣದಾದರೆ ಅಂಗೈ ಬೆಚ್ಚಗಾಗಿ ಸಂಜೆಯೊಳಗೆ ಆರುತ್ತದೆ. ದೊಡ್ಡದಾದರೆ ಕೂತ ಮಣೆ ಕರಕಲಾಗುತ್ತದೆ. ಅದಕ್ಕೇ ನಮ್ಮಲ್ಲಿ ಮನೆಗೆ ಹುಲ್ಲು ಹೊದಿಸುವ ಪದ್ಧತಿಯಿಲ್ಲ. ಮದುವೆ ಮನೆಗಳಲ್ಲಿ ಮದುಮಗಳ ಅಕ್ಕತಂಗಿಯರಿಗೆಂದೇ ಒಂದು ಕಲ್ಲಿನ ಕಟ್ಟೆ ಇರುತ್ತದೆ, ಪಕ್ಕದಲ್ಲಿ ಒಂದು ಹರವಿ ನೀರು ಇಟ್ಟಿರುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಮನೆಯ ಉಳಿದ ಹೆಂಗಸರ ಕೈ ಹಿಡಿದು ಮಾತಾಡಿಸುತ್ತಾರೆ. ಎಷ್ಟು ಪ್ರೀತಿ ಎಂದು ಹೊರಗಿನವರು ಅಂದುಕೊಳ್ಳಬೇಕು. ನಮಗೆ ಗೊತ್ತು, ಅವರು ನೋಡುತ್ತಿರುವುದು ಬಿಸಿ ಎಷ್ಟಿದೆ ಎಂದು.

ಇಡೀ ಊರಿನಲ್ಲಿ ಎಲ್ಲರಿಗಿಂತ ಬಿಸಿಯಾದ ಮೈ ನಮ್ಮವ್ವನದಾಗಿತ್ತು. ಅವಳ ಹೆಸರು ತಿಪ್ಪವ್ವ. ಊರಿನ ಬಟ್ಟೆಗಳಿಗೆಲ್ಲ ಅವಳೇ ಇಸ್ತ್ರಿ ಮಾಡುತ್ತಿದ್ದಳು, ಇಸ್ತ್ರಿ ಪೆಟ್ಟಿಗೆಯಿಲ್ಲದೆ. ಬಟ್ಟೆಗೆ ನೀರು ಚಿಮುಕಿಸಿ, ಚಪ್ಪಡಿಯ ಮೇಲೆ ಹರಡಿ, ಅಂಗೈಯಿಂದ ಒಮ್ಮೆ ಸವರಿದಳೆಂದರೆ ಉಗಿ ಎದ್ದು ಮಡಿಕೆ ನೆಟ್ಟಗಾಗುತ್ತಿತ್ತು. ನೆರೆಹೊರೆಯವರು ನಮ್ಮ ಗೋಡೆಗೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ನಾನು ಕೂಸಾಗಿದ್ದಾಗ ಅವಳು ನನ್ನನ್ನು ಒದ್ದೆ ಕಂಬಳಿಯಲ್ಲಿ ಸುತ್ತಿ ಎತ್ತಿಕೊಳ್ಳುತ್ತಿದ್ದಳಂತೆ. ಅಪ್ಪ ಸುಣ್ಣದ ಬಟ್ಟಿಯಲ್ಲಿ ದುಡಿದವನು, ಬಿಸಿಗೆ ಹೆದರುವವನಲ್ಲ. ಅವನು ನನ್ನ ಸಣ್ಣ ವಯಸ್ಸಿನಲ್ಲೇ ತೀರಿಹೋದ. ಆಮೇಲೆ ಆ ಬಿಸಿಯ ಜೊತೆಗೆ ಉಳಿದವಳು ನಾನೊಬ್ಬಳೇ.

ಅವ್ವನ ಕಿಚ್ಚು ಅವಳ ತಂಗಿಯ ಮೇಲಿನದು. ನನಗೆ ಚಿಕ್ಕವ್ವ, ಹೆಸರು ನೀಲವ್ವ. ಅವ್ವನ ತವರು ತೊಗಲುಗೊಂಬೆ ಆಡಿಸುವ ಮನೆತನ. ಅಜ್ಜ ಹುಲುಗಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಇಬ್ಬರು ಹೆಣ್ಣುಮಕ್ಕಳಿಗೇ ಕಲಿಸಿದ. ಊರಿನವರು ಮತ್ತೆ ಮತ್ತೆ ಬೇಡಿ ಆಡಿಸುತ್ತಿದ್ದದ್ದು ಒಂದೇ ಆಟವನ್ನು, ಪುರಾಣದ ಅಕ್ಕತಂಗಿಯರ ಆಟ. ಆ ಇಬ್ಬರ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಕಿಚ್ಚು ಏರುತ್ತದೆ ಎಂಬ ನಂಬಿಕೆ. ಅಕ್ಕ ಎಂದರೆ ಸಾಕು, ತಂಗಿ ಎಂದರೆ ಸಾಕು. ಇಬ್ಬರೂ ಒಬ್ಬನೇ ಋಷಿಯ ಹೆಂಡಂದಿರು. ಸಮುದ್ರ ಕಡೆದಾಗ ಹುಟ್ಟಿದ ಕುದುರೆಯೊಂದು ದೂರದಲ್ಲಿ ಹೋಗುವುದನ್ನು ಕಾಣುತ್ತಾರೆ. ತಂಗಿ, ಕುದುರೆ ಪೂರಾ ಬಿಳಿ ಎನ್ನುತ್ತಾಳೆ. ಅಕ್ಕ, ಬಾಲ ಕಪ್ಪು ಎನ್ನುತ್ತಾಳೆ. ಸೋತವಳು ಗೆದ್ದವಳ ದಾಸಿಯಾಗಬೇಕೆಂದು ಪಣ ಕಟ್ಟುತ್ತಾರೆ. ಬೆಳಗಾಗುವಷ್ಟರಲ್ಲಿ ಅಕ್ಕ ತನ್ನ ಹಾವುಮಕ್ಕಳನ್ನು ಕಳಿಸಿ ಕುದುರೆಯ ಬಿಳಿ ಬಾಲಕ್ಕೆ ಸುತ್ತಿಕೊಳ್ಳುವಂತೆ ಮಾಡುತ್ತಾಳೆ. ದೂರದಿಂದ ನೋಡಿದರೆ ಬಾಲ ಕಪ್ಪು. ತಂಗಿ ಸೋತು ದಾಸಿಯಾಗಿ ಅಕ್ಕನನ್ನು ಹೊತ್ತು ತಿರುಗುತ್ತಾಳೆ. ಕೊನೆಗೆ ಅವಳ ಹಕ್ಕಿಮಗ ಅಮೃತ ತಂದುಕೊಟ್ಟು ತಾಯಿಯನ್ನು ಬಿಡಿಸುತ್ತಾನೆ.

ಅಜ್ಜನ ಆಟದಲ್ಲಿ ಅಕ್ಕನಿಗೆ ಅವ್ವನ ದನಿ, ತಂಗಿಗೆ ಚಿಕ್ಕವ್ವನ ದನಿ. ಅವ್ವನ ದನಿ ಗಡುಸು, ಚಿಕ್ಕವ್ವನದು ಜೇನು. ಆಟ ಮುಗಿದ ಮೇಲೆ ಹೆಂಗಸರು ಬಂದು ಚಿಕ್ಕವ್ವನ ಗಲ್ಲ ಹಿಡಿದು ಕಣ್ಣೀರು ಹಾಕುತ್ತಿದ್ದರಂತೆ. ಅವ್ವನನ್ನು ಕಂಡರೆ ಸೆರಗು ಬಾಚಿಕೊಂಡು ಸರಿದು ಹೋಗುತ್ತಿದ್ದರಂತೆ, ಮೋಸ ಮಾಡಿದವಳು ಇವಳೇ ಎಂಬ ಹಾಗೆ. ಒಂದೇ ಒಂದು ಸಲ ದನಿ ಬದಲಾಯಿಸೋಣ ಎಂದು ಅವ್ವ ಕೇಳಿದಳು. ನಿನ್ನ ಗಂಟಲಿಗೆ ಅಳು ಒಗ್ಗುವುದಿಲ್ಲ ಎಂದು ಅಜ್ಜ ಅಂದ. ಅಂದಿನಿಂದ ಅವ್ವನ ಅಂಗೈ ಬೆಚ್ಚಗಾಗತೊಡಗಿತು. ತೊಗಲಿಗೆ ಬಿಸಿ ಆಗಿಬರುವುದಿಲ್ಲ, ಸುರುಟಿಕೊಳ್ಳುತ್ತದೆ. ಗೊಂಬೆ ಮುಟ್ಟಬೇಡ, ದೂರ ಕೂತು ದನಿ ಮಾತ್ರ ಕೊಡು ಎಂದು ಅಜ್ಜ ಅವಳನ್ನು ಪರದೆಯ ಅಂಚಿಗೆ ಕೂರಿಸಿದ. ಅದರಿಂದ ಅಂಗೈ ಇನ್ನಷ್ಟು ಕಾದಿತು. ಸಾಯುವಾಗ ಗೊಂಬೆ ಪೆಟ್ಟಿಗೆಯನ್ನೂ ಮನೆಯನ್ನೂ ಚಿಕ್ಕವ್ವನಿಗೆ ಬಿಟ್ಟ. ಅವ್ವನನ್ನು ಎದುರು ಸಾಲಿನ ಮನೆಗೇ ಮದುವೆ ಮಾಡಿ ಕೊಟ್ಟಿದ್ದರಿಂದ, ಅವಳು ದಿನಾ ಬಾಗಿಲು ತೆಗೆದರೆ ಕಾಣುತ್ತಿದ್ದದ್ದು ಆ ಮನೆಯೇ.

ಅಜ್ಜನ ತಿಥಿಯ ಊಟಕ್ಕೆ ಎಲ್ಲರೂ ಸೇರಿದ್ದಾಗ ಅವ್ವ ಗೊಂಬೆಗಳನ್ನು ತೂಗುಹಾಕಿದ್ದ ಕೋಣೆಗೆ ಹೋದಳು. ತಂಗಿಯ ಗೊಂಬೆ ಅಜ್ಜನ ಅಜ್ಜ ಮಾಡಿದ್ದು. ಅದರ ಕಣ್ಣು ನೋಡಿದವರು ಅದು ತೊಗಲಿನದು ಎನ್ನುವುದನ್ನೇ ಮರೆಯುತ್ತಿದ್ದರು. ಚಿಕ್ಕವ್ವ ಹುಡುಕಿಕೊಂಡು ಹೋದಾಗ ಅವ್ವ ಅದನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕೈಬಿಟ್ಟಾಗ ಕೆಂಡದ ಮೇಲಿಟ್ಟ ಹಪ್ಪಳದಂಥ ಒಂದು ಮುದ್ದೆ ನೆಲಕ್ಕೆ ಬಿತ್ತು. ನೋಡೋಣವೆಂದು ಮುಟ್ಟಿದೆ, ಹೀಗಾಯಿತು ಎಂದಳು ಅವ್ವ. ಬೇಕೆಂದೇ ಮಾಡಿದೆ ಎಂದು ಹೇಳು ಎಂದು ಚಿಕ್ಕವ್ವ ಅಷ್ಟು ಜನರ ಮುಂದೆ ಕೇಳಿದಳು. ಅವ್ವ ಹೇಳಲಿಲ್ಲ. ಅವರಿಬ್ಬರ ನಡುವೆ ನೇರ ಮಾತು ಅದೇ ಕೊನೆ.

ಚಿಕ್ಕವ್ವ ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ. ತಂಗಿಯ ಪಾತ್ರಕ್ಕೆ ಪೆಟ್ಟಿಗೆಯ ಇನ್ನೊಂದು ಹೆಣ್ಣು ಗೊಂಬೆಯನ್ನು ಇಟ್ಟುಕೊಂಡು, ಹೊಸ ತೊಗಲು ಹದಮಾಡಿ ಅಕ್ಕನ ಗೊಂಬೆಯನ್ನು ಹೊಸದಾಗಿ ಕೊರೆದಳು. ಅದಕ್ಕೆ ನಮ್ಮವ್ವನ ಮುಖ ಇತ್ತು. ಅವ್ವನ ಉಬ್ಬುಹಣೆ, ಅವ್ವನ ಮೊಂಡು ಮೂಗು, ಗದ್ದದ ಮೇಲಿನ ಮಚ್ಚೆ, ಎಲ್ಲ ಇತ್ತು. ಊರೂರು ತಿರುಗುವುದನ್ನು ಬಿಟ್ಟು ತನ್ನ ಅಂಗಳದಲ್ಲೇ ಚಪ್ಪರ ಹಾಕಿಸಿ, ಪರದೆಯ ಮುಖ ನಮ್ಮ ಬಾಗಿಲಿಗೆ ಮಾಡಿ ನಿಲ್ಲಿಸಿದಳು. ಪ್ರತಿ ಸಂತೆಯ ದಿನ ದೀಪ ಹಚ್ಚುವ ಹೊತ್ತಿಗೆ ಆಟ ಶುರುವಾಗುತ್ತಿತ್ತು. ಆ ಗೊಂಬೆಯ ನೆರಳು ಪರದೆಯ ಮೇಲೆ ಮೂಡಿದ ಕೂಡಲೇ ಜನ ನಗುತ್ತಿದ್ದರು. ಇಡೀ ಊರು ತಿಪ್ಪವ್ವನನ್ನು ನೋಡಿ ನಗುವುದನ್ನು ತಿಪ್ಪವ್ವ ತನ್ನ ಹೊಸ್ತಿಲಿಂದ ನೋಡಬೇಕಿತ್ತು. ಬಾಗಿಲು ಹಾಕಿಕೊಂಡರೂ ನಗು ಕೇಳುತ್ತಿತ್ತು. ಮರುದಿನ ಅದೇ ಜನ ಇಸ್ತ್ರಿಗೆ ಬಟ್ಟೆ ತರುತ್ತಿದ್ದರು. ಚಿಕ್ಕವ್ವನ ಸೀರೆಗಳೂ ಬರುತ್ತಿದ್ದವು. ಸಂತೆಯ ಮರುದಿನ ತಿಪ್ಪವ್ವನ ಇಸ್ತ್ರಿ ಬಹಳ ಚೆನ್ನ ಎಂದು ಹೆಂಗಸರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಊರು ಬಿಟ್ಟು ಹೋಗೋಣ ಎಂದು ನಾನು ಎಷ್ಟೋ ಸಲ ಹೇಳಿದೆ. ಬಸ್ಸಿನ ರೆಕ್ಸಿನ್ ಸೀಟು ಕರಗುತ್ತದೆ ಎಂದು ಕಂಡಕ್ಟರು ಅವಳನ್ನು ಹತ್ತಿಸುತ್ತಿರಲಿಲ್ಲ. ನಡೆದೇ ಹೋಗೋಣ ಎಂದರೆ ಅವ್ವ ಒಪ್ಪುತ್ತಿರಲಿಲ್ಲ. ಅವಳಿಗೆ ಆ ಆಟ ಕೇಳದೆ ಇರಲಾಗುತ್ತಿರಲಿಲ್ಲ ಎಂದು ನನಗೆ ಬಹಳ ತಡವಾಗಿ ತಿಳಿಯಿತು.

ಬಿಸಿ ಮೈಯವರು ಬೇಗ ಒಣಗುತ್ತಾರೆ. ಮೊದಲು ಉಗುರು ಕಪ್ಪಾಗುತ್ತದೆ, ತುಟಿ ಸೀಳುತ್ತದೆ, ಕೂದಲು ಹಿಡಿದರೆ ಪುಡಿಯಾಗುತ್ತದೆ. ಎಣ್ಣೆ ಗಾಣದ ಓಣಿಯಲ್ಲಿ ಒಬ್ಬ ತನ್ನ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿ, ಕೂತಲ್ಲೇ ಬೂದಿಯಾದದ್ದನ್ನು ಊರು ಇನ್ನೂ ಮರೆತಿರಲಿಲ್ಲ. ಒಂದು ದಿನ ಅವ್ವನ ಉಗುರು ಕಪ್ಪಾಗಿರುವುದನ್ನು ಕಂಡೆ. ಅವಳು ಅದನ್ನು ಅರಿಶಿಣ ಬಳಿದು ಮುಚ್ಚಿದ್ದಳು. ನಾನು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಆ ಮಚ್ಚೆಯ ಗೊಂಬೆ ಪರದೆಯ ಮೇಲೆ ಬರುವುದನ್ನು ನಿಲ್ಲಿಸಲೇಬೇಕೆಂದು.

ಮೊದಲು ಚಿಕ್ಕವ್ವನ ಹತ್ತಿರ ಹೋದೆ. ಅವಳು ನನ್ನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಮಾತು ಪೂರ್ತಿ ಕೇಳಿಸಿಕೊಂಡಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅಷ್ಟು ಮೆತ್ತಗೆ ಮಾತಾಡಿದಳು.

“ಗೊಂಬಿ ಸುಟ್ಟಿದ್ದಕ್ಕ ನಂಗ ಸಿಟ್ಟಿಲ್ಲ ಕೆಂಚಿ,” ಎಂದಳು. “ಸುಟ್ಟಿಲ್ಲ ಅಂತಾಳಲ್ಲ, ಅದಕ್ಕ. ಊರ ಮುಂದ ನಿಂತು ಬೇಕಂತ ಮಾಡಿದೆ ಅನ್ಲಿ. ಅವತ್ತೇ ಈ ಗೊಂಬಿ ಪರದಿಯಿಂದ ಇಳಸ್ತೀನಿ.”

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಒಂದು ಧೋತರದ ಮೇಲೆ ಅಂಗೈ ಸವರುತ್ತಿದ್ದಳು, ತಲೆಯೆತ್ತಲಿಲ್ಲ.

“ಒಂದ್ ಮಾತು ಅವ್ವಾ. ಅಂದ್ಬಿಡು, ಮುಗೀತದ.”

“ನಾ ಬೇಕಂತ ಮಾಡಿಲ್ಲ.”

“ಮಾಡಿದ್ದರೂ ಯಾರು ಏನ್ ಮಾಡ್ತಾರ ಈಗ?”

“ಮಾಡಿಲ್ಲ ಅಂದ್ನಲ್ಲ. ಆ ಲಂಗ ಇತ್ತಾಗ ಕೊಡು.”

ಧೋತರದ ಮೇಲೆ ಅವಳ ಐದೂ ಬೆರಳು ಸುಟ್ಟ ಗುರುತಾಗಿ ಮೂಡಿತ್ತು. ಅವಳು ಅದನ್ನು ಮಡಿಕೆಯೊಳಗೆ ಮುಚ್ಚಿಟ್ಟಳು. ಅವಳಿಂದ ಆ ಮಾತು ಹೊರಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಹಾಗಾದರೆ ಬೇರೆ ದಾರಿ ಹಿಡಿಯಬೇಕು. ಮತ್ತೆ ರಸ್ತೆ ದಾಟಿ ಹೋಗಿ, ಸುಟ್ಟ ಗೊಂಬೆಗೆ ಸಮನಾದ ಗೊಂಬೆ ಮಾಡಿಕೊಟ್ಟರೆ ಈ ಗೊಂಬೆಯನ್ನು ನನಗೆ ಕೊಡುತ್ತೀಯಾ ಎಂದು ಚಿಕ್ಕವ್ವನನ್ನು ಕೇಳಿದೆ. ನಿನಗೆ ಉಳಿ ಹಿಡಿಯಲು ಬರುತ್ತದೆಯೇ ಎಂದಳು. ಬರುವುದಿಲ್ಲ, ನೀನೇ ಕಲಿಸು ಎಂದೆ. ಅವಳು ಸ್ವಲ್ಪ ಹೊತ್ತು ನಮ್ಮ ಮನೆಯ ಬಾಗಿಲನ್ನೇ ನೋಡಿದಳು. ಆಮೇಲೆ ನಕ್ಕು, ನಾಳೆಯಿಂದ ಬಾ ಎಂದಳು. ಆ ನಗು ಯಾಕೆಂದು ನನಗೆ ಗೊತ್ತಿತ್ತು. ಅಕ್ಕನ ಮಗಳೇ ತನ್ನ ಅಂಗಳದಲ್ಲಿ ಕೂತು ಕೆಲಸ ಕಲಿಯುವುದು ಆ ಮಚ್ಚೆಯ ಗೊಂಬೆಗಿಂತ ಚೆನ್ನಾಗಿ ಸುಡುತ್ತದೆ. ಗೊತ್ತಿದ್ದೂ ಹೋದೆ. ಬೇರೆ ಎಲ್ಲಿ ಕಲಿಯಲಿ?

ಇದನ್ನು ನಾನು ಅವ್ವನಿಗೆ ಹೇಳಿದ ದಿನ ಅಡುಗೆಮನೆಯ ಹಿತ್ತಾಳೆ ಚೊಂಬು ಅವಳ ಕೈಯಲ್ಲಿ ಸೊಟ್ಟಗಾಯಿತು. ಮಾರನೆಯ ದಿನದಿಂದ ನನ್ನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ತಲೆಗೆ ಎಣ್ಣೆ ಹಚ್ಚಲು ಒದ್ದೆ ಬಟ್ಟೆ ಸುತ್ತಿದ ಕೈಯಿಂದ ಕರೆಯುತ್ತಿದ್ದಳು, ಮಾತು ಮಾತ್ರ ಇಲ್ಲ.

ಕೆಲಸ ಸುಲಭದ್ದಲ್ಲ. ಆಡಿನ ತೊಗಲನ್ನು ನೆನೆಹಾಕಿ, ರೋಮ ಕೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಬೇಕು. ಎಳೆದು ಕಟ್ಟಿ ಒಣಗಿಸಬೇಕು. ಮೇಲೆ ಚಿತ್ರ ಬರೆದು, ಸಣ್ಣ ಉಳಿಗಳಿಂದ ಒಡವೆ, ಜಡೆ, ಸೀರೆಯ ಹೂವು ಎಲ್ಲವನ್ನೂ ತೂತುತೂತಾಗಿ ಕೊರೆಯಬೇಕು. ಆ ತೂತುಗಳಿಂದ ದೀಪದ ಬೆಳಕು ಹಾಯ್ದಾಗಲೇ ಗೊಂಬೆಗೆ ಜೀವ. ಒಂದು ಏಟು ಹೆಚ್ಚಾದರೆ ತೊಗಲು ಹರಿಯುತ್ತದೆ. ನಾನು ಎಷ್ಟು ತೊಗಲು ಹರಿದೆನೋ. ಬೆರಳಿಗೆ ಉಳಿ ತಾಕಿ ರಕ್ತ ಬಂದರೆ ಬಟ್ಟೆ ಸುತ್ತಿ ಮತ್ತೆ ಕೂರುತ್ತಿದ್ದೆ. ಚಿಕ್ಕವ್ವ ಹಿಂದೆ ಕೂತು ನನ್ನ ಕೈಮೇಲೆ ಕೈಯಿಟ್ಟು ಉಳಿ ನಡೆಸುತ್ತಿದ್ದಳು. ಅವಳ ಕೈ ಬಾವಿಯ ನೀರಿನಷ್ಟು ತಂಪು.

ಆ ತಂಪಿಗೇ ಊರು ಅವಳಿಗೆ ಕೈಮುಗಿಯುತ್ತಿತ್ತು. ಯಾರ ಮೇಲೂ ಹೊಟ್ಟೆಕಿಚ್ಚಿಲ್ಲದ ಹೆಂಗಸು ಎಂದು ಹಸುಗೂಸುಗಳ ಹಣೆ ಮುಟ್ಟಿಸಲು ತರುತ್ತಿದ್ದರು. ಅವಳು ಮುಟ್ಟುತ್ತಿದ್ದಳು, ಹರಸುತ್ತಿದ್ದಳು. ಅವರು ಹೋದ ಮೇಲೆ ಮಚ್ಚೆಯ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂತೆಯ ಆಟಕ್ಕೆ ಅದರ ಬಣ್ಣ ತಿದ್ದುತ್ತಿದ್ದಳು.

“ಈ ಸಲ ಮಚ್ಚಿ ಇನ್ನೊಂದೀಟು ದಪ್ಪ ಮಾಡೋಣೇನು?” ಎಂದು ನನ್ನನ್ನೇ ಕೇಳಿದಳು ಒಮ್ಮೆ. ಪಲ್ಯಕ್ಕೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ.

ನಾನು ಅವಳ ಮೊಣಕೈ ಮುಟ್ಟಿದೆ. ತಂಪಾಗಿತ್ತು. ಅವತ್ತು ನನಗೆ ಅರ್ಥವಾಯಿತು. ಹೊಟ್ಟೆಕಿಚ್ಚನ್ನು ನಮ್ಮೂರು ಮುಟ್ಟಿ ಕಂಡುಹಿಡಿಯುತ್ತದೆ. ಸೇಡಿಗೆ ಬಿಸಿಯಿಲ್ಲ, ಅದನ್ನು ಮುಟ್ಟಿ ತಿಳಿಯಲು ಆಗುವುದಿಲ್ಲ. ಸುಡುವವಳನ್ನು ಎಲ್ಲರೂ ನೋಡಿ ದೂರ ಸರಿಯುತ್ತಾರೆ, ಸುಡಿಸುವವಳ ಕೈಗೆ ಕೂಸು ಕೊಡುತ್ತಾರೆ. ಇದನ್ನು ನಾನು ಊರಿಗೆ ಹೇಳಬಹುದಿತ್ತು. ಯಾರೂ ನಂಬುತ್ತಿರಲಿಲ್ಲ, ಕೈ ಹಿಡಿದು ನೋಡಿ ಎನ್ನುತ್ತಿದ್ದರು. ಅದಕ್ಕೆ ಬಾಯಿ ಮುಚ್ಚಿಕೊಂಡು ಉಳಿ ಹಿಡಿದೆ.

ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ನನ್ನ ತಂಗಿಯ ಗೊಂಬೆ ಮುಗಿಯಿತು. ದೀಪದ ಮುಂದೆ ಹಿಡಿದಾಗ ಮದ್ದಳೆ ಬಾರಿಸುವ ಮುದುಕ ತನ್ನಷ್ಟಕ್ಕೆ ತಾನೇ ಮದ್ದಳೆಯ ಮೇಲೆ ಒಂದು ಬೆರಳಾಡಿಸಿದ. ನನಗೆ ಅದೇ ಸಾಕಾಗಿತ್ತು. ಚಿಕ್ಕವ್ವ ಗೊಂಬೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ತಿರುಗಿಸಿದಳು.  ಆಮೇಲೆ ನನ್ನ ಕೈಗೆ ವಾಪಸು ಕೊಟ್ಟು, “ಕಣ್ಣು ಸರಿಯಿಲ್ಲ,” ಎಂದಳು.

ಇನ್ನೊಂದು ಮಾಡುತ್ತೇನೆ ಎಂದೆ. ಮಾಡು ಎಂದಳು. ಅವಳ ಮುಖ ನೋಡಿದಾಗ ನಾನು ಎಷ್ಟು ಗೊಂಬೆ ಮಾಡಿದರೂ ಯಾವುದರ ಕಣ್ಣೂ ಸರಿಯಿರುವುದಿಲ್ಲ ಎಂದು ತಿಳಿಯಿತು. ಆ ಮಚ್ಚೆಯ ಗೊಂಬೆಯನ್ನು ಬಿಟ್ಟು ಬದುಕುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ನಾನು ಅಳಲಿಲ್ಲ. ಗೊಂಬೆಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಹಾಗಾದರೆ ಬರುವ ಸಂತೆಯ ಆಟದಲ್ಲಿ ಅಕ್ಕನ ದನಿ ನನಗೆ ಕೊಡು ಎಂದೆ. ಅವ್ವ ಬಿಟ್ಟಾಗಿನಿಂದ ಎರಡೂ ದನಿಗಳನ್ನು ಚಿಕ್ಕವ್ವ ಒಬ್ಬಳೇ ಹೇಳುತ್ತಿದ್ದಳು. ಅಕ್ಕನ ಮಾತು ಬಂದಾಗ ಗಂಟಲು ಗಟ್ಟಿ ಮಾಡಿಕೊಂಡು ಕೆಮ್ಮುತ್ತಿದ್ದಳು. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಎದುರು ಮನೆಯವಳ ಮಗಳ ಬಾಯಲ್ಲೇ ಆ ಮಾತುಗಳು. ಇದಕ್ಕಿಂತ ಹೆಚ್ಚಿನದು ಅವಳಿಗೆ ಬೇಕಿರಲಿಲ್ಲ. ಆಗಲಿ ಎಂದಳು.

ನನ್ನ ಲೆಕ್ಕಾಚಾರ ಬೇರೆಯಿತ್ತು. ಗೊಂಬೆಯನ್ನು ಇಳಿಸಲಾಗದಿದ್ದರೆ ನಗುವನ್ನಾದರೂ ನಿಲ್ಲಿಸಬೇಕು. ಜನ ನಗದ ಹಾಗೆ ಆ ಅಕ್ಕನನ್ನು ಮಾತಾಡಿಸಬೇಕು. ಸಂತೆ ಬರುವವರೆಗೂ ಹಿತ್ತಲಲ್ಲಿ, ಹೊಳೆಯ ದಾರಿಯಲ್ಲಿ, ತೊಗಲು ಕೆರೆಯುವಾಗ, ಎಲ್ಲಾದರೂ ಸರಿ, ಆ ಮಾತುಗಳನ್ನು ಹೇಳಿಕೊಳ್ಳುತ್ತಲೇ ಇದ್ದೆ.

ಸಂತೆಯ ದಿನ ಚಪ್ಪರ ತುಂಬಿತ್ತು. ತಿಪ್ಪವ್ವನ ಮಗಳು ದನಿ ಕೊಡುತ್ತಾಳಂತೆ ಎಂದು ಸುದ್ದಿ ಹಬ್ಬಿ ಪಕ್ಕದ ಊರಿನವರೂ ಬಂದಿದ್ದರು. ಪರದೆಯ ಹಿಂದೆ ಹರಳೆಣ್ಣೆ ದೀಪ, ಎರಡೂ ಗೊಂಬೆಗಳು ಚಿಕ್ಕವ್ವನ ಕೈಯಲ್ಲಿ. ಮಚ್ಚೆಯ ಗೊಂಬೆ ಎದ್ದ ಕೂಡಲೇ ನಗು ಎದ್ದಿತು. ನಾನು ನಗು ಮುಗಿಯಲೆಂದು ಕಾದೆ. ಆಮೇಲೆ ಅಕ್ಕನ ಮೊದಲ ಮಾತು ಹೇಳಿದೆ. ಮೆತ್ತಗೆ ಹೇಳಿದೆ, ನೊಂದವಳ ಹಾಗೆ. ಗಂಡ ಯಾವಾಗಲೂ ನಿನ್ನ ಬಾಗಿಲಿಗೇ ಮೊದಲು ಬರುತ್ತಾನೆ ತಂಗೀ, ನನ್ನ ಬಾಗಿಲಿಗೆ ಬರುವಾಗ ಅವನ ಕಣ್ಣಲ್ಲಿ ನಿದ್ದೆ ಎಂದು ಆಟದಲ್ಲಿಲ್ಲದ ಮಾತನ್ನೂ ಸೇರಿಸಿದೆ. ಮುಂದೆ ಕೂತಿದ್ದ ಹೆಂಗಸರು ನಗು ನಿಲ್ಲಿಸಿದ್ದು ಪರದೆಯ ಈಚೆಯಿಂದಲೇ ತಿಳಿಯಿತು. ಚಿಕ್ಕವ್ವ ಕಣ್ಣು ಕಿರಿದು ಮಾಡಿ ನನ್ನತ್ತ ನೋಡಿದಳು, ಆದರೆ ಆಟ ನಿಲ್ಲಿಸುವ ಹಾಗಿರಲಿಲ್ಲ. ನಾನು ಮುಂದುವರಿದೆ. ಕುದುರೆ ಬಂತು. ಪಣದ ಮಾತು ಬಂತು. ಅದನ್ನೂ ನಾನು ಅಳುವ ದನಿಯಲ್ಲೇ ಶುರುಮಾಡಿದೆ.

“ಹಂಗಲ್ಲ ಅದು.”

ಚಪ್ಪರದ ಹಿಂದಿನಿಂದ ಬಂದ ದನಿ. ನಾನು ಪರದೆಯ ಅಂಚು ಸರಿಸಿ ನೋಡಿದೆ. ಅವ್ವ ನಮ್ಮ ಹೊಸ್ತಿಲು ದಾಟಿ, ರಸ್ತೆ ದಾಟಿ, ತನ್ನ ಅಪ್ಪನ ಅಂಗಳಕ್ಕೆ ಬಂದು ನಿಂತಿದ್ದಳು. ಅವಳ ಸುತ್ತ ಇದ್ದವರು ಬಿಸಿ ತಾಳಲಾರದೆ ಸರಿದು ಜಾಗ ಬಿಟ್ಟಿದ್ದರು. ಸಿಟ್ಟಿನಿಂದ ಬಂದಿರಲಿಲ್ಲ ಅವಳು, ನನ್ನನ್ನು ಕರೆದೊಯ್ಯಲೂ ಬಂದಿರಲಿಲ್ಲ. ಮಗಳು ಆ ಮಾತನ್ನು ತಪ್ಪಾಗಿ ಹೇಳುವುದನ್ನು ಕೇಳಲಾರದೆ ಬಂದಿದ್ದಳು.

“ಆಕಿ ಅಳೂದಿಲ್ಲ,” ಎಂದಳು ನನಗೆ. ಎಷ್ಟೋ ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. “ಅತ್ತರ ಪಣ ಯಾಕ ಕಟ್ತಾಳ? ಸರಿ, ನಾ ಹೇಳ್ತೀನಿ.”

ಅಲ್ಲೇ ನಿಂತು ಹೇಳಿದಳು. ಆ ದನಿಯನ್ನು ನಾನು ಹುಟ್ಟಿದ ಮೇಲೆ ಊರು ಕೇಳಿರಲಿಲ್ಲ. ಕಬ್ಬಿಣದ ಸರಪಳಿ ಎಳೆದ ಹಾಗಿತ್ತು. ಅದರಲ್ಲಿ ನೋವು ಎಲ್ಲೂ ಹೊರಗೆ ಕಾಣುತ್ತಿರಲಿಲ್ಲ, ಆದರೆ ಪ್ರತಿ ಮಾತಿನ ಅಡಿಯಲ್ಲೂ ಇತ್ತು. ನಾನು ಪಟ್ಟ ಕಷ್ಟವೆಲ್ಲ ಎಷ್ಟು ಸಣ್ಣದೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಚಿಕ್ಕವ್ವನ ಬಾಯಿಂದ ತಂಗಿಯ ಉತ್ತರ ತಾನಾಗಿಯೇ ಬಂತು. ಒಬ್ಬನೇ ತಂದೆ ಕೂರಿಸಿ ಕಲಿಸಿದ ಮಾತುಗಳು. ಒಬ್ಬಳು ನಿಲ್ಲಿಸಿದಲ್ಲಿ ಇನ್ನೊಬ್ಬಳು ಹಿಡಿದುಕೊಳ್ಳುತ್ತಿದ್ದಳು. ಪರದೆಯ ಮೇಲೆ ಎರಡು ನೆರಳುಗಳು ಮುಖಕ್ಕೆ ಮುಖ ಕೊಟ್ಟು ಪಣ ಕಟ್ಟಿದವು. ಯಾರೂ ನಗಲಿಲ್ಲ. ಮದ್ದಳೆಯ ಮುದುಕ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದ.

ಬೆಳಗಾಯಿತು, ಆಟದೊಳಗೆ. ಅಕ್ಕತಂಗಿಯರು ಕುದುರೆ ನೋಡಲು ಹೊರಟರು. ಬಾಲಕ್ಕೆ ಹಾವುಗಳು ಸುತ್ತಿಕೊಂಡಿವೆ. ಈಗ ಅಕ್ಕ ಹೇಳಬೇಕಾದ ಮಾತು ಊರಿನ ಮಕ್ಕಳಿಗೂ ಬಾಯಿಪಾಠ: ಕಣ್ಣಿದ್ದರೆ ನೋಡು ತಂಗೀ, ಬಾಲ ಕಾಡಿಗೆಯಷ್ಟು ಕಪ್ಪು, ಇಂದಿನಿಂದ ನೀನು ನನ್ನ ದಾಸಿ. ಚಿಕ್ಕವ್ವ ಮಚ್ಚೆಯ ಗೊಂಬೆಯ ಕೈಯನ್ನು ಕುದುರೆಯ ಕಡೆಗೆ ಎತ್ತಿ ಕಾದಳು.

ಅವ್ವ ಸುಮ್ಮನಿದ್ದಳು. ಮದ್ದಳೆ ನಿಂತಿತು. ಮರೆತಳೇ ಎಂದು ನಾನು ಪರದೆಯ ಅಂಚಿನಿಂದ ಮಾತು ಎತ್ತಿಕೊಟ್ಟೆ. ಅವಳು ನನ್ನ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು.

“ಬಾಲ ಬೆಳ್ಳಗಿತ್ತು,” ಎಂದಳು.

ಚಿಕ್ಕವ್ವ ಎತ್ತಿದ್ದ ಗೊಂಬೆಯ ಕೈಯನ್ನು ಇಳಿಸಿದಳು.

“ಬಾಲ ಬೆಳ್ಳಗಿತ್ತು ತಂಗೀ. ನಾನು ನೋಡಿದ್ದೆ. ಬೇಕಂತಲೇ ಕಪ್ಪು ಮಾಡಿಸಿದೆ. ಗೆದ್ದವಳು ನೀನು.”

ಗಡುಸು ದನಿಯಲ್ಲೇ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಚಪ್ಪರದಲ್ಲಿ ಹಳಬರು ಕೆಲವರಿಗೆ ಅದು ಕುದುರೆಯ ಮಾತಲ್ಲವೆಂದು ತಿಳಿದು, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚಿಕ್ಕವ್ವನನ್ನು ನೋಡುತ್ತಿದ್ದೆ. ದೀಪದ ಬೆಳಕಿನಲ್ಲಿ ಅವಳ ಮುಖದಲ್ಲಿ ಗೆದ್ದ ಗುರುತೇ ಇರಲಿಲ್ಲ. ಕೈಯಲ್ಲಿದ್ದದ್ದನ್ನು ಯಾರೋ ಕಸಿದುಕೊಂಡರೇನೋ ಎಂಬಂತೆ ಕೂತಿದ್ದಳು. ಇಷ್ಟು ವರ್ಷ ಕೇಳಿದ್ದನ್ನು ಅವ್ವ ಕೊಟ್ಟುಬಿಟ್ಟಿದ್ದಳು, ಮುಂದೇನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಆಟವನ್ನು ಹಳೆಯ ದಾರಿಗೇ ಎಳೆದು, ದಾಸಿಯ ಮಾತು ಶುರುಮಾಡಿ, ಏನೂ ಕೇಳಿಸದವಳಂತೆ ಮುಗಿಸಿಬಿಡುತ್ತಾಳೆಂದು ನನಗೆ ಹೆದರಿಕೆಯಾಯಿತು. ಹಾಗೆ ಮಾಡಿದರೆ ದೀಪ ಆರಿಸಿಬಿಡುವುದೆಂದು ಕೈ ಚಾಚಿಯೂ ಇದ್ದೆ.

ಅವಳು ಹಾಗೆ ಮಾಡಲಿಲ್ಲ. ತಂಗಿಯ ಗೊಂಬೆಯನ್ನು ಕೆಳಗಿಟ್ಟಳು. ಮಚ್ಚೆಯ ಗೊಂಬೆಯನ್ನು ಹಿಡಿದು ಪರದೆಯ ಆಚೆಗೆ ಎದ್ದು ಹೋಗಿ, ಅವ್ವನ ಎದುರು ನಿಂತಳು. ಅಷ್ಟು ಹತ್ತಿರ ನಿಂತರೆ ಮುಖ ಬಾಡುತ್ತದೆ, ಆದರೂ ನಿಂತಳು.

“ಇಷ್ಟು ವರ್ಷ ಬೇಕಾತೇನಕ್ಕಾ?” ಎಂದಳು. ಗೊಂಬೆಯ ದನಿಯಲ್ಲ, ಅವಳದೇ ದನಿ.

“ಬೇಕಾತು.”

“ತಗೋ. ನಿಂದು.”

ಅವ್ವ ಗೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತೆಗೆದುಕೊಂಡ ಕೂಡಲೇ ಅಂಚು ಸುರುಟತೊಡಗಿತು. ಬಿಡಬಹುದಿತ್ತು, ಬಿಡಲಿಲ್ಲ. ಕಿರೀಟ ಮುದುಡಿತು, ಹಣೆ ಮುದುಡಿತು, ಮೂಗು, ಮಚ್ಚೆ ಎಲ್ಲವೂ ಒಂದರೊಳಗೊಂದು ಸೇರಿ ಅವಳ ಮುಷ್ಟಿಯಲ್ಲಿ ಮುದ್ದೆಯಾಯಿತು. ಸುಟ್ಟ ತೊಗಲಿನ ವಾಸನೆ ಚಪ್ಪರದ ತುಂಬ ಹರಡಿತು. ಅವ್ವ ಆ ಮುದ್ದೆಯನ್ನು ಅಂಗಳದ ಮೂಲೆಗೆ ಎಸೆದು, ನೆಲದ ಮೇಲಿದ್ದ ಚಪ್ಪಡಿಯ ಮೇಲೆ ಕೂತಳು.

“ಆಟ ಮುಗಿದಿಲ್ಲ,” ಎಂದಳು. “ಜನ ಕುಂತಾರ.”

ಅಕ್ಕನ ಗೊಂಬೆಯಿಲ್ಲದೆ ಉಳಿದ ಆಟ ನಡೆಯಿತು. ಪರದೆಯ ಮೇಲೆ ತಂಗಿಯ ನೆರಳು ಮಾತ್ರ, ಅಕ್ಕನಿಗೆ ಬರೀ ದನಿ. ಸೋತವಳು ಯಾರು, ದಾಸಿ ಯಾರು, ಹಕ್ಕಿಮಗ ಯಾರನ್ನು ಬಿಡಿಸಬೇಕು, ಎಲ್ಲ ಅದಲುಬದಲಾಗಿತ್ತು. ಇಬ್ಬರೂ ಅಲ್ಲಲ್ಲೇ ಮಾತು ಕಟ್ಟಿ ಹೇಗೋ ದಡ ಸೇರಿಸಿದರು. ಅಷ್ಟು ಕೆಟ್ಟದಾಗಿ ಮುಗಿದ ಆಟವನ್ನು ಆಮೇಲೆ ನಾನು ನೋಡಿಲ್ಲ. ಜನ ಮಾತ್ರ ಎದ್ದುಹೋಗಲಿಲ್ಲ.

ಅವತ್ತಿನಿಂದ ಅವರಿಬ್ಬರೂ ಗಳಸ್ಯ ಕಂಠಸ್ಯ ಆದರೆಂದು ಯಾರೂ ತಿಳಿಯಬಾರದು. ಆಟವಿಲ್ಲದ ದಿನ ಇವತ್ತಿಗೂ ಅವರು ಮಾತಾಡುವುದು ಕಡಿಮೆ. ಚಿಕ್ಕವ್ವ ಕೆಲವು ಕಾಲ ಮಂಕಾಗಿದ್ದಳು. ಸಂತೆ ಹತ್ತಿರ ಬಂದಾಗ ಕೈ ತಾನಾಗಿಯೇ ಬಣ್ಣದ ಚಿಪ್ಪಿಗೆ ಹೋಗಿ, ತಿದ್ದಲು ಏನೂ ಇಲ್ಲದೆ ವಾಪಸು ಬರುತ್ತಿದ್ದುದನ್ನು ನಾನು ಕಂಡಿದ್ದೇನೆ. ಅವ್ವನ ಬಿಸಿಯೂ ಪೂರ್ತಿ ಹೋಗಲಿಲ್ಲ. ಕಪ್ಪಾದ ಉಗುರು ನಿಧಾನಕ್ಕೆ ಬೆಳೆದು ಕತ್ತರಿಸಿಹೋಯಿತು, ಕೂದಲು ಉದುರುವುದು ನಿಂತಿತು. ಆದರೆ ಆಟದಲ್ಲಿ ಜನ ತಂಗಿಯ ಮಾತಿಗೆ ಅತ್ತುಬಿಟ್ಟರೆ ಮರುದಿನ ಅವಳ ಅಂಗೈ ಕಾಯುತ್ತದೆ. ಅದು ಊರಿಗೂ ಗೊತ್ತಿರುವುದರಿಂದ ಅಂಥ ದಿನ ಕಾದಿದ್ದು ಬಟ್ಟೆ ತರುತ್ತಾರೆ. ಅವ್ವ ಬೈಯುತ್ತಲೇ ಇಸ್ತ್ರಿ ಮಾಡಿಕೊಡುತ್ತಾಳೆ. ನಾನು ಮಾಡಿದ ತಂಗಿಯ ಗೊಂಬೆಯನ್ನೇ ಚಿಕ್ಕವ್ವ ಈಗ ಆಡಿಸುತ್ತಾಳೆ. ಕಣ್ಣು ಸರಿಯಿಲ್ಲ ಎಂದು ಪ್ರತಿ ಸಲ ಕೆಳಗಿಡುವಾಗ ಹೇಳುತ್ತಾಳೆ, ಅದರಲ್ಲಿ ಬದಲಾವಣೆಯಿಲ್ಲ.

ಇನ್ನು ಅಕ್ಕನಿಗೆ ಹೊಸ ಗೊಂಬೆ ಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಹೊಸ ತೊಗಲು ಎಳೆದು ಕಟ್ಟಿ, ನಮ್ಮ ಜಗುಲಿಯ ಮೇಲೆ ಕೂತು ಚಿತ್ರ ಬರೆಯುತ್ತಿದ್ದೆ. ಯಾರ ಮುಖವೂ ಅಲ್ಲದ ಒಂದು ಮುಖ ಬರೆಯಬೇಕೆಂದು ನಿರ್ಧಾರ ಮಾಡಿದ್ದೆ. ಸಣ್ಣ ಹಣೆ, ಉದ್ದ ಮೂಗು, ಗದ್ದ ಚೊಕ್ಕ. ಅವ್ವ ಹಿಂದೆ ಬಂದು ನಿಂತದ್ದು ಬೆನ್ನಿಗೆ ತಾಕಿದ ಬಿಸಿಯಿಂದ ತಿಳಿಯಿತು. ತೊಗಲಿಗೆ ಬಿಸಿ ತಾಗಬಾರದೆಂದು ದೂರದಲ್ಲೇ ನಿಂತು, ಕತ್ತು ಚಾಚಿ ನೋಡಿದಳು.

“ಯಾರಿಕಿ?”

“ಅಕ್ಕ.”

“ಅಲ್ಲ ಇಕಿ,” ಎಂದಳು. “ಈ ಮೂಗಿನಾಕಿ ಬಾಯಾಗ ಆ ಮಾತು ಬರೂದಿಲ್ಲ. ಅಳಸು.”

ನಾನು ಒದ್ದೆ ಬಟ್ಟೆಯಿಂದ ಆ ಮುಖ ಒರೆಸಿದೆ. ಅವ್ವ ಎದುರಿಗೆ ಬಂದು, ಬಿಸಿಲಿಗೆ ಮುಖ ಕೊಟ್ಟು, ಗದ್ದ ಎತ್ತಿಕೊಂಡು ಕೂತಳು.

“ನೋಡಿ ಬರಿ. ಮೂಗು ನಂದ ಇರ್ಲಿ. ಮಚ್ಚಿ ಮಾತ್ರ ಇದ್ದಷ್ಟ ಮಾಡು.”